ಹಿಂದಿನ ಎಡ ಮೂಲೆ

ಮುಚ್ಚಳ ಎತ್ತುವ ಮೊದಲೇ ನೋಯಲೀನ್‌ಗೆ ಗೊತ್ತಾಗಿಹೋಗಿತ್ತು. ಗ್ಯಾರೇಜಿನ ಬಾಗಿಲ ಸಂದಿಯಿಂದ ನುಸುಳಿದ ಕಡಲತೀರದ ಕಪ್ಪು ಮರಳು ಚಪ್ಪಲಿಯಡಿ ಕರಕರ ಎನ್ನುತ್ತಿತ್ತು, ಗೋಡೆಗೆ ಹಾಕಿದ, ಗೂಡಿನ ಶಾಖ ಅಳೆಯುವ ಪುಟ್ಟ ಯಂತ್ರ ಮೂವತ್ತೆಂಟು ಡಿಗ್ರಿ ಎಂದು ತೋರಿಸುತ್ತಿತ್ತು, ಗಾಜು ಕರಗಿಸುವ ಆ ಕರೆಂಟಿನ ಗೂಡು ಎರಡು ದಿನದ ಬೇಗೆಯನ್ನೆಲ್ಲ ಕಳೆದುಕೊಂಡು ಏನೂ ಅರಿಯದ ಹಾಗೆ ಕೂತಿತ್ತು. ಚಹದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಮುಚ್ಚಳ ಎತ್ತಿದಳು. ಆರು ಗಾಜಿನ ಬಿಲ್ಲೆಗಳು. ಐದು ನೆಟ್ಟಗಿದ್ದವು. ಆರನೆಯದು, ಹಿಂದಿನ ಎಡ ಮೂಲೆಯದು, ಈ ತುದಿಯಿಂದ ಆ ತುದಿಗೆ ಸೋಮಾರಿ ಹಾವು ಹರಿದ ಹಾಗೆ ಬಳುಕಿಕೊಂಡು ಒಡೆದಿತ್ತು. ಇದು ಮೂರನೆಯ ಸಲ. ಮೂರು ವಾರದಲ್ಲಿ ಮೂರು ಸಲ ಅದೇ ಬಿಲ್ಲೆಯನ್ನು ಕತ್ತರಿಸಿ, ತೊಳೆದು, ನೀಲಿಯ ಮೇಲೆ ಬಿಳಿ ಗಾಜಿನ ಪುಡಿಯನ್ನು ಜರಡಿ ಹಿಡಿದು, ಉಸಿರು ಬಿಗಿಹಿಡಿದು ಒಳಗಿಟ್ಟಿದ್ದಳು. ಶನಿವಾರ ಕಡಲತೀರದ ಸರ್ಫ್ ಕ್ಲಬ್ಬಿನ ಗೋಡೆಗೆ ಆರೂ ಏರಬೇಕು. ಬೆಟ್ಟದಿಂದ ಇಳಿದ ನದಿ ಐದು ಬಿಲ್ಲೆಗಳಲ್ಲಿ ಹರಿದು ಆರನೆಯದರಲ್ಲಿ ಕಡಲು ಸೇರುತ್ತದೆ. ಆರನೆಯದು ಇಲ್ಲದಿದ್ದರೆ ನದಿ ಗೋಡೆಯ ನಡುವೆ ನಿಂತುಬಿಡುತ್ತದೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. "ಹಾಳಾಗಿ ಹೋಗು," ಎಂದು ಗೂಡಿಗೆ ಗಟ್ಟಿಯಾಗಿ ಬೈದಳು. ಪಕ್ಕದ ಮನೆಯ ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು.

ಯಾರ ಮೇಲೆ ತಪ್ಪು ಹೊರಿಸಬೇಕೆಂಬುದೂ ಮುಗಿದುಹೋಗಿತ್ತು. ಮೊದಲ ಸಲ ಒಡೆದಾಗ ಬಿಳಿ ಪುಡಿಯದು ತಪ್ಪು, ಹಳೆಯದಾಗಿದೆ ಎಂದು ಹೊಸ ಡಬ್ಬಿ ತರಿಸಿದಳು. ಎರಡನೆಯ ಸಲ ದಕ್ಷಿಣದ ಗಾಳಿ ಬೀಸಿ ಅರೆಗಳಿಗೆ ಕರೆಂಟು ಹೋಗಿಬಂದಿತ್ತು, ಸರಿ, ಗಾಳಿಯದೇ ತಪ್ಪು. ಆಮೇಲೆ ಗಾಜು ಅಂಟದಿರಲೆಂದು ಗೂಡಿನೊಳಗಿನ ಹಾಸುಗಲ್ಲಿಗೆ ಬಳಿಯುವ ಬಿಳಿ ಮಣ್ಣಿನ ಮೇಲೆ ಅನುಮಾನ ಬಂದು, ಅದನ್ನೆಲ್ಲ ಕೆರೆದು ಮೂಗಿಗೆ ಬಟ್ಟೆ ಕಟ್ಟಿಕೊಂಡು ಐದು ಪದರ ಹೊಸದಾಗಿ ಬಳಿದಳು. ಗೂಡು ಮಾರಿದ ಕಂಪನಿಗೆ ಫೋನು ಮಾಡಿದರೆ ಆ ಕಡೆಯ ಎಳೆಯ ಧ್ವನಿ, "ಜೊತೆಗೆ ಬಂದ ಪುಸ್ತಕ ಓದಿದೀರಾ ಮೇಡಂ?" ಎಂದು ಕೇಳಿತ್ತು. ಹತ್ತೊಂಬತ್ತು ವರ್ಷದಿಂದ ಗಾಜು ಕರಗಿಸುವವಳನ್ನು. ಅವಳು "ಓದಿದೀನಿ" ಎಂದು ಮಕ್ಕಳ ಹಾಗೆ ಉತ್ತರಿಸಿ ಫೋನಿಟ್ಟು, ಆಮೇಲೆ ಹೇಳಬಹುದಾಗಿದ್ದ ಚುರುಕು ಮಾತುಗಳನ್ನೆಲ್ಲ ಪಾತ್ರೆ ತೊಳೆಯುವಾಗ ನಲ್ಲಿಗೆ ಹೇಳಿದ್ದಳು. ಈಗ ಒಡೆದ ಎರಡು ತುಂಡುಗಳನ್ನು ಬೆಳಕಿಗೆ ಹಿಡಿದಳು. ಬಿರುಕನ್ನು ಓದಲು ಕಲಿಯಿರಿ ಎಂದು ಪ್ರತಿ ತರಗತಿಯ ಮೊದಲ ದಿನ ಅವಳೇ ಹೇಳಿಕೊಡುವುದು. ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವ ಗಾಜುಗಳು ಮಾತ್ರ ಒಂದಕ್ಕೊಂದು ಹೊಂದುತ್ತವೆ. ಹೊಂದದ ಗಾಜು ಸೇರಿಕೊಂಡಿದ್ದರೆ ಬಿರುಕು ಆ ಬಣ್ಣದ ಅಂಚು ಹಿಡಿದು ಸುತ್ತಿಕೊಂಡು ಹೋಗುತ್ತದೆ, ಮಾತು ಬಿಟ್ಟವರನ್ನು ಬಳಸಿ ನಡೆದ ಹಾಗೆ. ಬಣ್ಣಗಿಣ್ಣ ಲೆಕ್ಕಿಸದೆ ಬಳುಕಿ ನಡುವೆ ಸೀಳಿದ್ದರೆ ಅದು ಗಾಜಿನ ತಪ್ಪಲ್ಲ, ತಣಿಸಿದ್ದರ ತಪ್ಪು. ಒಂದು ಮಗ್ಗುಲು ಇನ್ನೊಂದಕ್ಕಿಂತ ಬೇಗ ತಣ್ಣಗಾಗಿದೆ. ಈ ಬಿರುಕು ನೀಲಿಯನ್ನೂ ಬಿಳಿಯನ್ನೂ ಹಳದಿಯನ್ನೂ ಲೆಕ್ಕಿಸಿರಲಿಲ್ಲ. ಹಳದಿ ಅವಳ ತಲೆಗೆ ಎಲ್ಲಿಂದ ಬಂತು? ಅವಳ ಬಿಲ್ಲೆಯಲ್ಲಿ ಹಳದಿಯೇ ಇಲ್ಲ.

ಹಳದಿ ಇದ್ದದ್ದು ಸೆಲ್ವಿನ್‌ನ ತಟ್ಟೆಯಲ್ಲಿ. ಮರದ ಜೊತೆ ಮೊಳೆ, ಬೋಲ್ಟೂ ಮಾರುವ ಮರದಂಗಡಿಯ ಕೌಂಟರಿನಲ್ಲಿ ನಿಲ್ಲುವ ಸೆಲ್ವಿನ್ ಹಾಸ್ಕಿನ್. ಫೆಬ್ರವರಿಯಿಂದ ಏಳು ವಾರ ಮಂಗಳವಾರದ ತರಗತಿಗೆ ಬಂದವನು, ಬರುವಾಗೆಲ್ಲ ಹಿತ್ತಲಿನ ಫೀಜೋವಾ ಹಣ್ಣು ಚೀಲದಲ್ಲಿ ತಂದು ಮೇಜಿನ ಮೇಲಿಟ್ಟವನು. ಅವನ ಬೆರಳುಗಳು ದಪ್ಪ, ಕತ್ತರಿಸಿದ ಗೆರೆ ಸೊಟ್ಟ, ಒಂದು ಪ್ರಶ್ನೆಯನ್ನು ಮೂರು ಸಲ ಕೇಳುವ ಅಭ್ಯಾಸ. ಅವಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಅಷ್ಟೆ. ಅದಕ್ಕೆ ಕಾರಣವೂ ಇರಲಿಲ್ಲ. ನೀಲಿ ತಟ್ಟೆಯ ನಡುವೆ ಅವನು ಹಳದಿ ಗಾಜಿನಲ್ಲಿ ಏನೋ ಎರಡು ಉದ್ದನೆಯ ಆಕಾರ ಕೂರಿಸಿದ್ದ, ಎಲ್ಲರಿಗೂ ಅವು ಒಂದು ಜೊತೆ ಗಮ್‌ಬೂಟಿನ ಹಾಗೆ ಕಂಡಿದ್ದವು. ಕೊನೆಯ ವಾರ ಗೂಡು ತೆಗೆದಾಗ ಉಳಿದವರದೆಲ್ಲ ಚೆನ್ನಾಗಿದ್ದು ಅವನದು ಮಾತ್ರ ಎರಡು ಹೋಳಾಗಿತ್ತು. ಮೇಜಿನ ಸುತ್ತ ಎಲ್ಲರೂ ಕತ್ತು ಚಾಚಿದರು. ಅವನು ಕೇಳಿದ, "ಯಾಕ್ ಹೀಗಾಯ್ತು ಟೀಚರ್?" ಮತ್ತೆ ಕೇಳಿದ. ಮೂರನೆಯ ಸಲ ಕೇಳುವ ಮೊದಲು ಅವಳು ಹೇಳಿದ್ದಳು, "ಆ ಹಳದಿ ಗಾಜು ನೀವೇ ಎಲ್ಲಿಂದಲೋ ತಂದಿದ್ದಲ್ವಾ ಸೆಲ್ವಿನ್? ಹೊಂದದ್ದನ್ನ ಹೊಂದಿಸೋಕೆ ಹೋದ್ರೆ ಇಷ್ಟೇ ಆಗೋದು." ಆಗ ರೇವಿನ್, ಕೇಕು ಮಾರುವ ರೇವಿನ್, ಅವಳ ಬಾಯಿಗೆ ಬೀಗವಿಲ್ಲ, "ಅಯ್ಯೋ, ಇದನ್ನ ಗ್ಲೆನಿಸ್‌ಗೆ ಮೂವತ್ತು ವರ್ಷದ ಹಿಂದೆ ಯಾರಾದ್ರೂ ಹೇಳ್ಬೇಕಿತ್ತು!" ಎಂದುಬಿಟ್ಟಳು. ಸೆಲ್ವಿನ್‌ನ ಹೆಂಡತಿ ಗ್ಲೆನಿಸ್ ಎರಡು ಸೂಟ್‌ಕೇಸು ಹಿಡಿದು ಕಡಲಾಚೆ ನೆಲ್ಸನ್ ಊರಿನ ತಂಗಿಯ ಮನೆಗೆ ಹೋದವಳು ವಾಪಸು ಬಂದಿಲ್ಲ ಎಂಬುದು ಕಡಲತೀರದ ಈ ಬೀದಿಗಳಿಗೆಲ್ಲ ಗೊತ್ತಿತ್ತು. ಮೇಜೆಲ್ಲ ನಕ್ಕಿತು. ನೋಯಲೀನ್ ನಗಲಿಲ್ಲ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ, ಆದರೆ ತುಟಿಯ ಕೊನೆ ಮೇಲೆ ಹೋದದ್ದು ಅವಳಿಗೆ ನೆನಪಿದೆ. ಸೆಲ್ವಿನ್ ಕೂಡ ನಕ್ಕ. ಎರಡು ಹೋಳನ್ನೂ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು, ಹಣ್ಣಿನ ಚೀಲವನ್ನು ಎಂದಿನ ಹಾಗೆ ಮೇಜಿನ ಮೇಲಿಟ್ಟು ಹೋದ. ಆ ಹಣ್ಣುಗಳನ್ನು ಅವಳು ಗೊಬ್ಬರದ ಗುಂಡಿಗೆ ಸುರಿದಳು. ಮೊದಲ ಆರು ಚೀಲವನ್ನೂ ಅಲ್ಲಿಗೇ ಸುರಿದಿದ್ದಳು.

ಆದರೆ ಆ ಬಿರುಕು ಎರಡು ಬೂಟನ್ನೂ ನಟ್ಟನಡುವೆ ಸೀಳಿಕೊಂಡು ಬಳುಕಿ ಹೋಗಿತ್ತಲ್ಲ. ಆಗ ಅದು ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಇಷ್ಟೇ ಅಲ್ಲ, ಮೂರನೆಯ ವಾರ ಸೆಲ್ವಿನ್ ಆ ಹಳದಿ ಗಾಜನ್ನು ಅಂಗಿಯ ಒಳಗಿಂದ ತೆಗೆದು, ಮೂಲೆಗೆ ಅಂಟಿಸಿದ ಚೀಟಿ ತೋರಿಸಿ, "ಇದು ನಮ್ ನೀಲೀಗೆ ಹೊಂದುತ್ತಾ? ಹೊಂದುತ್ತಾ ಟೀಚರ್? ಹೊಂದುತ್ತಾ?" ಎಂದು ಕೇಳಿದ್ದ. ಅವಳು ಚೀಟಿ ಓದಿದ್ದಳು. ಅವರು ಬಳಸುತ್ತಿದ್ದ ಜಾತಿಯದೇ ಗಾಜು. "ಆಗುತ್ತೆ" ಎಂದು ಅವಳೇ ಹೇಳಿದ್ದಳು. ಇದೆಲ್ಲ ಅವಳಿಗೆ ಇವತ್ತು ಗೊತ್ತಾದದ್ದಲ್ಲ. ಮೇಜಿನ ಮುಂದೆ ನಿಂತು ಆ ಮಾತು ಆಡುವಾಗಲೂ ಗೊತ್ತಿತ್ತು, ನಾಲಿಗೆಯ ಹಿಂದೆ ಎಲ್ಲೋ ಇತ್ತು. ಏಳು ಜನ ನೋಡುತ್ತಿರುವಾಗ ನನ್ನ ಗೂಡಿನಲ್ಲೇ ಏನೋ ಆಗಿದೆ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಅವಳು ಬೀರುವಿನಿಂದ ಒಂದು ಕಾಗದ ತೆಗೆದು, ಹರಿದು ಉದ್ದನೆಯ ಪಟ್ಟಿ ಮಾಡಿದಳು. ಮುಚ್ಚಳದ ಅಂಚಿಗೆ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆದು ನೋಡಬೇಕು, ಬಿಗಿಯಾಗಿದ್ದರೆ ಬರುವುದಿಲ್ಲ. ಮುಂದಿನ ಬಲ, ಬರಲಿಲ್ಲ. ಮುಂದಿನ ಎಡ, ಹರಿಯಿತೇ ಹೊರತು ಬರಲಿಲ್ಲ. ಹಿಂದಿನ ಬಲ, ಬರಲಿಲ್ಲ. ಹಿಂದಿನ ಎಡ ಮೂಲೆಯಲ್ಲಿ ಪಟ್ಟಿ ಕೈಗೆ ಬಂದೇಬಿಟ್ಟಿತು, ಹಿಡಿದಿದ್ದವರು ಯಾರೂ ಇಲ್ಲ ಎನ್ನುವ ಹಾಗೆ. ಬಗ್ಗಿ ನೋಡಿದರೆ ಹಿಂದಿನ ಎಡ ಕೀಲಿನ ಬೋಲ್ಟು ತುಕ್ಕು ತಿಂದು ಸಡಿಲಾಗಿ, ಮುಚ್ಚಳ ಆ ಕಡೆ ಒಂದು ಕಾಳಿನಷ್ಟು ಎದ್ದು ನಿಂತಿತ್ತು. ಕಾಳಿನಷ್ಟು ಸಾಕು. ಆ ಮೂಲೆ ಮೊದಲಿನಿಂದಲೂ ಸ್ವಲ್ಪ ತಣ್ಣಗೇ. ಗೂಡು ಇಟ್ಟುಕೊಂಡವರಿಗೆಲ್ಲ ತಮ್ಮ ತಮ್ಮ ಗೂಡಿನ ಚಳಿ ಮೂಲೆ ಗೊತ್ತಿರುತ್ತದೆ. ಹೋದರೆ ಹೋಗಲಿ ಅನ್ನುವ ಚೂರುಪಾರುಗಳನ್ನು ಅಲ್ಲಿ ಇಡುತ್ತಾರೆ. ಅವಳೂ ಹಾಗೇ ಇಡುತ್ತಿದ್ದಳು. ಈ ಸಲ ಆರು ಬಿಲ್ಲೆ ಇಡೀ ಹಾಸುಗಲ್ಲನ್ನು ತುಂಬಿದ್ದರಿಂದ ಅವಳದೇ ಒಂದು ಅಲ್ಲಿ ಬಿತ್ತು, ಅಷ್ಟೆ.

ಬೋಲ್ಟು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿಕೊಂಡು ಅವಳು ಊರಾಚೆಯ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಕಾರು ಓಡಿಸಿದಳು. ಮರದಂಗಡಿ ಮನೆಯಿಂದ ಎರಡೇ ಬೀದಿ. ಅದರ ಮುಂದೆಯೇ ಹೋಗಬೇಕಾಗಿ ಬಂದಾಗ, ಹಿಂದಿನ ಕಾರಿನವನು ಏನೋ ಮಾಡುತ್ತಿದ್ದಾನೆ ಎಂಬಂತೆ ಕನ್ನಡಿ ನೋಡಿಕೊಂಡೇ ದಾಟಿದಳು. ದೊಡ್ಡ ಅಂಗಡಿಯವನು ಬೋಲ್ಟನ್ನು ತಿರುಗಿಸಿ ನೋಡಿ, "ಇದು ಹಳೇ ಇಂಚಿನ ಅಳತೆ ಅಮ್ಮ, ನಮ್ಮಲ್ಲಿ ಬರಲ್ಲ. ನಿಮ್ ಕಡೇನೇ ಮರದಂಗಡೀಲಿ ಸೆಲ್ವಿನ್ ಅಂತ ಇದಾನೆ ನೋಡಿ, ಅವನ ಡಬ್ಬದಲ್ಲಿ ಇರುತ್ತೆ, ಅವನು ಏನೂ ಬಿಸಾಕಲ್ಲ," ಎಂದ. ವಾಪಸು ಬರುವ ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿದಳು. ಸೆಲ್ವಿನ್, ನಿಮಗೊಂದು ವಿಷಯ ಹೇಳಬೇಕಿತ್ತು. ಸೆಲ್ವಿನ್, ಆವತ್ತು ನಾನು ಸ್ವಲ್ಪ ಅವಸರ ಪಟ್ಟೆ. 'ಸ್ವಲ್ಪ' ಅನ್ನುವ ಪದ ಕಹಿಯಾಗಿ, ತೆಗೆದಳು. ತೆಗೆದರೆ ವಾಕ್ಯವೇ ನಿಲ್ಲಲಿಲ್ಲ.

"ಓ, ಟೀಚರ್!" ಎಂದ ಸೆಲ್ವಿನ್, ಗಂಟೆ ಬಾರಿಸುವ ಬಾಗಿಲಿನಿಂದ ಅವಳು ಒಳಗೆ ಬರುತ್ತಲೇ. "ಏನ್ ಒಡೀತು?"

"ಏನೂ ಇಲ್ಲ," ಎಂದಳು ನೋಯಲೀನ್. "ಒಂದು ಬೋಲ್ಟ್ ಬೇಕಿತ್ತು."

ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿ ಮೂಗಿನ ಹತ್ತಿರ ಹಿಡಿದ. ಸ್ವಲ್ಪ ಸೊರಗಿದ್ದ, ಅಂಗಿಯ ಕಾಲರು ಇಸ್ತ್ರಿ ಕಂಡಿರಲಿಲ್ಲ. "ಉಪ್ಪು ಗಾಳಿ ತಿಂದಿದೆ. ಯಾವುದರದ್ದಿದು?"

"ಒಂದು ಮುಚ್ಚಳದ್ದು."

"ಯಾವ ಮುಚ್ಚಳ? ಗೂಡಿನದಾ?"

"ಹೌದು."

"ಹಾಗಿದ್ರೆ ಒಬ್ರೇ ಹಾಕೋಕೆ ಹೋಗ್ಬೇಡಿ. ಆ ಮುಚ್ಚಳ ಕೈ ಮೇಲೆ ಕೂತ್ರೆ ಬೆರಳು ಚಟ್ನಿ. ಹನ್ನೆರಡಕ್ಕೆ ನನ್ ಊಟದ ಬಿಡುವು, ಬಂದು ಹಾಕ್ಕೊಡ್ತೀನಿ."

"ಬೇಡ, ಬೇಡ, ನಿಮಗ್ಯಾಕೆ ತೊಂದ್ರೆ..."

"ಊಟಕ್ಕೆ ಮನೇಲಿ ಯಾರು ಕಾಯ್ತಾ ಇದಾರೆ ಹೇಳಿ," ಎಂದು ನಕ್ಕು, ಅವನು ಕೌಂಟರಿನ ಕೆಳಗೆ ಬಗ್ಗಿ ಫೀಜೋವಾ ಚೀಲವೊಂದನ್ನು ಎತ್ತಿ ಅವಳ ಕೈಗಿಟ್ಟ. "ತಗೊಳ್ಳಿ. ಕೊನೇ ಹಣ್ಣು, ಈ ವರ್ಷ ಇನ್ನಿಲ್ಲ. ನಿಮಗೆ ಇಷ್ಟ ಅಂತ ಗೊತ್ತು." ಅವಳು ಥ್ಯಾಂಕ್ಸ್ ಎಂದಳು. ಜೋಡಿಸಿದ್ದ ವಾಕ್ಯಗಳ ಬದಲು ಆ ಒಂದು ಪದ ಮಾತ್ರ ಹೊರಗೆ ಬಂತು.

ಹನ್ನೆರಡಾಗಲು ಐವತ್ತು ನಿಮಿಷವಿತ್ತು. ಅವಳು ಗ್ಯಾರೇಜು ಗುಡಿಸಿದಳು, ಒಡೆದ ಬಿಲ್ಲೆಯನ್ನು ಬಟ್ಟೆಯಡಿ ಮುಚ್ಚಿದಳು, ಮತ್ತೆ ತೆಗೆದಳು. ಆಗ ಗೋಡೆಯ ಮೊಳೆಗೆ ದಾರದಲ್ಲಿ ನೇತುಹಾಕಿದ ಪುಸ್ತಕ ಕಂಡಿತು. ಗೂಡು ಉರಿಸಿದ ಪ್ರತಿ ಸಲವೂ ಎಷ್ಟು ಶಾಖ, ಎಷ್ಟು ಹೊತ್ತು, ಎಲ್ಲ ಬರೆದು ಕೆಳಗೆ ಒಂದು ಚೌಕ ಎಳೆದು ಯಾರ ಕೆಲಸ ಹಾಸುಗಲ್ಲಿನ ಯಾವ ಜಾಗದಲ್ಲಿತ್ತು ಎಂದು ಗುರುತು ಹಾಕುವುದು ಅವಳ ಪದ್ಧತಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಪುಟ ತಪ್ಪಿಲ್ಲ, ಆ ಬಗ್ಗೆ ಅವಳಿಗೆ ಜಂಬವೂ ಇತ್ತು. ಸೆಲ್ವಿನ್‌ನ ತಟ್ಟೆ ಅವತ್ತು ಎಲ್ಲಿತ್ತೋ ನೋಡೋಣ, ಬೇರೆ ಮೂಲೆಯಲ್ಲಿ ಇದ್ದಿರಲೂಬಹುದು ಎಂದುಕೊಂಡು ಏಪ್ರಿಲ್ಲಿನ ಪುಟ ತೆಗೆದಳು. ನಡುವೆ 'ನಾನು'. ಸುತ್ತ ರೇವಿನ್ ಮತ್ತು ಉಳಿದವರ ಹೆಸರು. ಹಿಂದಿನ ಎಡ ಮೂಲೆಯಲ್ಲಿ 'ಮರದಂಗಡಿ'. ಹಿಂದಿನ ವಾರದ ಪುಟ ತಿರುವಿದಳು. ಹಿಂದಿನ ಎಡ ಮೂಲೆಯಲ್ಲಿ 'ಮರದಂಗಡಿ'. ಅದರ ಹಿಂದಿನದು. ಅದರ ಹಿಂದಿನದು. ಏಳು ವಾರ, ಏಳು ಚೌಕ, ಏಳರಲ್ಲೂ ಅದೇ ಮೂಲೆ, ಒಂದರಲ್ಲೂ ಅವನ ಹೆಸರಿಲ್ಲ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಪ್ರತಿ ಮಂಗಳವಾರ ತನ್ನ ಕೈ ತನ್ನನ್ನು ಕೇಳದೆ ಆ ಮೂಲೆಗೆ ಹೋಗಿತ್ತು. ಚೂರುಪಾರು ಇಡುವ ಮೂಲೆ. ನಾಚಿಕೆಯಾಯಿತು, ಮತ್ತು ಅದಕ್ಕಿಂತ ಮೊದಲು, ಹೇಳಲಿಕ್ಕೇ ಅಸಹ್ಯ, ಕೋಪ ಬಂತು. ಅವನ ಮೇಲೆ, ಆ ಹಣ್ಣಿನ ಚೀಲದ ಮೇಲೆ, ಇಷ್ಟು ಒಳ್ಳೆಯವನಾಗಿ ತನ್ನನ್ನು ಸಿಕ್ಕಿಸಿಹಾಕಿದ್ದಕ್ಕೆ. ಪುಟ ಹರಿಯಲು ಬೆರಳು ಇಟ್ಟಳು. ಹರಿದರೆ ಏಳು ಹರಿಯಬೇಕು. ಬಾಗಿಲು ತಟ್ಟಿದ ಸದ್ದಿಗೆ ಪುಸ್ತಕವನ್ನು ಹಾಗೇ ಹಳೆ ಬಟ್ಟೆಯ ರಾಶಿಯಡಿ ತುರುಕಿದಳು.

ಸೆಲ್ವಿನ್ ಸ್ಪ್ಯಾನರನ್ನೂ ತನ್ನ ಡಬ್ಬದಲ್ಲಿ ಹುಡುಕಿದ ಬೋಲ್ಟನ್ನೂ ಹಿಡಿದು ಬಂದು, ಮೊಣಕಾಲೂರಿ, ಮುಚ್ಚಳದ ಹಿಂದೆ ತಲೆ ತೂರಿಸಿದ. "ಎತ್ತಿ ಹಿಡ್ಕೊಳ್ಳಿ. ಇನ್ನೂ ಸ್ವಲ್ಪ. ಹಾಂ, ಹಾಗೇ." ಹೊಸ ಬೋಲ್ಟು ತೂತಿಗೆ ಇಳಿಯಿತು. ಈ ಕೆಲಸದಲ್ಲಿ ಅವನ ಬೆರಳು ದಪ್ಪ ಅನ್ನಿಸಲೇ ಇಲ್ಲ. "ಇದು ಇವತ್ತು ನಿನ್ನೆ ಸಡಿಲಾಗಿದ್ದಲ್ಲ ಟೀಚರ್, ತಿಂಗಳುಗಟ್ಲೆ ಹೀಗೇ ಇದ್ದಿರ್ಬೇಕು. ನೀವು ಗೋಡೆಗೆ ಒಂದು ಪುಸ್ತಕ ನೇತ್ಹಾಕಿದ್ರಲ್ಲ, ಎಲ್ಲಿ ಅದು? ಅದ್ರಲ್ಲಿ ನೋಡಿದ್ರೆ ಈ ಕಡೆದು ಯಾವಾಗಿಂದ ಒಡೀತಾ ಬಂತು ಅಂತ ಗೊತ್ತಾಗ್ಬಿಡುತ್ತೆ."

ಅವಳು ಮುಚ್ಚಳವನ್ನು ಇನ್ನೂ ಎತ್ತಿ ಹಿಡಿದೇ ಇದ್ದಳು. ಪುಸ್ತಕ ತುಂಬಿಹೋಯಿತು, ಬಿಸಾಡಿದೆ ಎನ್ನಬಹುದಿತ್ತು. ಅವನು ನಂಬುತ್ತಿದ್ದ. ಮೂರು ಸಲ ಕೇಳಿ ಮೂರು ಸಲವೂ ನಂಬುವವನು ಅವನು. ಅವಳು ಮುಚ್ಚಳ ಇಳಿಸಿ, ಬಟ್ಟೆಯಡಿಯಿಂದ ಪುಸ್ತಕ ತೆಗೆದು, ಏಪ್ರಿಲ್ಲಿನ ಪುಟ ಬಿಡಿಸಿ ಅವನ ಕೈಗೆ ಕೊಟ್ಟಳು.

ಅವನು ಕನ್ನಡಕ ಹಾಕಿಕೊಂಡು ನೋಡಿದ. ಒಂದು ಪುಟ, ಇನ್ನೊಂದು, ಇನ್ನೊಂದು. ಹೊರಗೆ ಗಾಳಿ ಮರಳನ್ನು ಬಾಗಿಲಿಗೆ ಎರಚುತ್ತಿತ್ತು.

"ಮರದಂಗಡಿ ಅಂದ್ರೆ ನಾನಾ?" ಎಂದ.

"ಹೌದು."

"ಎಲ್ರದ್ದೂ ಹೆಸರಿದೆ."

"ಹೌದು," ಎಂದಳು ನೋಯಲೀನ್, ಆಮೇಲೆ ನಿಲ್ಲಿಸಲಾಗಲಿಲ್ಲ. "ಆ ಮೂಲೆ ತಣ್ಣಗಿರುತ್ತೆ ಅಂತ ನನಗೆ ಗೊತ್ತಿತ್ತು. ನಿಮ್ ತಟ್ಟೇನ ಅಲ್ಲೇ ಇಟ್ಟೆ. ಒಡೆದ ಮೇಲೆ ಬಿರುಕು ನೋಡಿದ ತಕ್ಷಣ ನಿಮ್ ಗಾಜಿನ ತಪ್ಪಲ್ಲ ಅಂತಾನೂ ಗೊತ್ತಾಯ್ತು. ಆದ್ರೂ ಎಲ್ಲರ ಮುಂದೆ ನಿಮ್ ಮೇಲೆ ಹಾಕ್ದೆ."

"ಹಳದಿ ಗಾಜು ಸರಿಯಾಗೇ ಇತ್ತಾ?"

"ಇತ್ತು."

"ಸರಿಯಾಗೇ ಇತ್ತಾ?"

"ಇತ್ತು ಸೆಲ್ವಿನ್. ಚೀಟಿ ನಾನೇ ಓದಿದ್ದೆ."

ಅವನು ಪುಸ್ತಕ ಮುಚ್ಚಿ ದಾರವನ್ನು ಅದರ ಸುತ್ತ ನಿಧಾನವಾಗಿ ಸುತ್ತಿದ. "ಅವು ಬೂಟಲ್ಲ," ಎಂದ. "ಎಲ್ರೂ ಬೂಟು ಬೂಟು ಅಂತಿದ್ರಿ, ನಾನೂ ಸುಮ್ನಿದ್ದೆ. ಅದು ನಾನು, ಗ್ಲೆನಿಸ್. ಹಳದಿ ಮಳೆಕೋಟು ಹಾಕ್ಕೊಂಡು ನದಿ ಕಡಲು ಸೇರೋ ಜಾಗದಲ್ಲಿ ಕಹವಾಯ್ ಮೀನಿಗೆ ಗಾಳ ಹಾಕಿ ನಿಂತಿರೋದು. ಅವಳಿಗೆ ತಗೊಂಡು ಹೋಗ್ಬೇಕು ಅಂತ ದೋಣಿ ಟಿಕೆಟ್ ಕೂಡ ತೆಗ್ಸಿದ್ದೆ. ಒಡೆದ್ಮೇಲೆ ಫೋನ್ ಮಾಡಿ ಬರ್ತಿಲ್ಲ ಅಂದೆ. ಯಾಕೆ ಅಂದ್ಳು. ತಟ್ಟೆ ಮಾಡಿದ್ದೆ, ಒಡೆದೋಯ್ತು, ಹೊಂದದೇ ಇರೋ ಗಾಜು ಹಾಕಿದ್ನಂತೆ ಅಂದೆ. ಅವಳು ಏನಂದ್ಳು ಗೊತ್ತಾ? 'ನೀನು ಯಾವತ್ತು ಹೇಳಿದ್ದು ಕೇಳಿದೀಯ' ಅಂದ್ಳು." ಅವನು ದಾರದ ತುದಿಗೆ ಗಂಟು ಹಾಕಿದ. "ನಾನು ಕೇಳಿದ್ದೆ. ಮೂರು ಸಲ ಕೇಳಿದ್ದೆ."

ನೋಯಲೀನ್ ಗೂಡಿನ ಅಂಚು ಹಿಡಿದುಕೊಂಡು ನಿಂತಳು. ಇನ್ನೊಂದು ತಟ್ಟೆ ಮಾಡೋಣ, ನಡುವೆ ಇಡೋಣ, ಗಾಜು ನಾನೇ ಕೊಡುತ್ತೇನೆ ಎಂದೆಲ್ಲ ಹೇಳಹೊರಟು, ಆ ಮಾತೂ ತನ್ನನ್ನೇ ಬಚಾವು ಮಾಡಿಕೊಳ್ಳುವ ಮಾತು ಎನ್ನಿಸಿ ನುಂಗಿಕೊಂಡಳು. "ತಪ್ಪು ನಂದು," ಎಂದಳು. "ಪೂರ್ತಿ ನಂದು."

"ನನ್ ಹತ್ರ ಹೇಳಿದ್ರಿ, ಸರಿ," ಎಂದ ಸೆಲ್ವಿನ್. "ನಾನು ಹೇಳಿದ್ರೆ ಅವಳು ನಂಬಲ್ಲ." ಜೇಬಿನಿಂದ ಫೋನು ತೆಗೆದು, ದಪ್ಪ ಬೆರಳಿನಿಂದ ಎರಡು ಸಲ ತಪ್ಪಿ ಮೂರನೆಯ ಸಲ ಒತ್ತಿ, ಅವಳ ಮುಂದೆ ಹಿಡಿದ. ಆಗಲೇ ಆ ಕಡೆ ಗಂಟೆಯಾಗುತ್ತಿತ್ತು. ಅವಳು ತೆಗೆದುಕೊಂಡಳು. ಅವನು ತಕ್ಷಣ ಬೆನ್ನು ತಿರುಗಿಸಿ ಮೊಣಕಾಲೂರಿ ಮುಚ್ಚಳದ ಹಿಂದೆ ತಲೆ ತೂರಿಸಿದ.

"ಏನೋ ಈ ಹೊತ್ತಲ್ಲಿ?" ಎಂದಿತು ಹೆಂಗಸಿನ ಧ್ವನಿ. ಹಿಂದೆ ಎಲ್ಲೋ ಪಾತ್ರೆಗಳ ಸದ್ದು.

"ಸೆಲ್ವಿನ್ ಅಲ್ಲ. ನಾನು ನೋಯಲೀನ್, ಗಾಜಿನ ಕ್ಲಾಸ್ ನಡೆಸೋಳು. ಅವರ ತಟ್ಟೆ ಒಡೆದಿದ್ದು ಅವರ ತಪ್ಪಿಂದ ಅಲ್ಲ. ಅವರು ಹಾಕಿದ್ದು ಹೊಂದೋ ಗಾಜೇ. ಹೊಂದುತ್ತಾ ಅಂತ ನನ್ನ ಕೇಳಿದ್ರು, ಮೂರು ಸಲ ಕೇಳಿದ್ರು. ಒಡೆದಿದ್ದು ನನ್ನಿಂದ. ನಾನು ಸುಳ್ಳು ಹೇಳ್ದೆ."

ಪಾತ್ರೆಗಳ ಸದ್ದು ನಿಂತಿತು.

"ಅವನು ಅಲ್ಲೇ ಇದಾನಾ?" ಎಂದಳು ಗ್ಲೆನಿಸ್.

"ಇದಾರೆ."

"ಏನ್ ಮಾಡ್ತಿದಾನೆ?"

ನೋಯಲೀನ್ ತಿರುಗಿ ನೋಡಿದಳು. ಬೋಲ್ಟು ಆಗಲೇ ಕೂತಾಗಿತ್ತು. ಸೆಲ್ವಿನ್ ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದ, ಬೆನ್ನಿನ ಮೇಲೆ ಮುದುಡಿದ ಅಂಗಿ ಏರಿ ಇಳಿಯುತ್ತಿತ್ತು.

"ನನ್ ಗೂಡಿಗೆ ಬೋಲ್ಟ್ ಹಾಕ್ತಿದಾರೆ. ಬಿಗಿ ಮಾಡ್ತಿದಾರೆ."

"ಜಾಸ್ತಿ ಬಿಗಿ ಮಾಡ್ಬೇಡ ಅನ್ನಿ ಅವನಿಗೆ," ಎಂದಳು ಗ್ಲೆನಿಸ್. ಧ್ವನಿ ಒಡೆದಿತ್ತು. "ಯಾವಾಗ್ಲೂ ಹಾಗೇ, ಬಿಗಿ ಮಾಡಿ ಮಾಡಿ ಥ್ರೆಡ್ ಕಿತ್ತು ಹಾಕ್ತಾನೆ. ನಾನು ಹೇಳ್ದೆ ಅಂತ ಹೇಳಿ."

ನೋಯಲೀನ್ ಫೋನನ್ನು ಎದೆಗೆ ಒತ್ತಿಕೊಂಡಳು. "ಸೆಲ್ವಿನ್," ಎಂದಳು. "ಜಾಸ್ತಿ ಬಿಗಿ ಮಾಡ್ಬಾರದಂತೆ. ಗ್ಲೆನಿಸ್ ಹೇಳ್ತಿದಾರೆ."

ಸ್ಪ್ಯಾನರು ನಿಂತಿತು.